ಗಂಜಿ ಹಾಕಿದ ರೆಕ್ಕೆ

ನೀವು ಇದನ್ನು ನಂಬುವುದಿಲ್ಲ. ನಂಬಲೂ ಬೇಡಿ, ನೋಡೋಣ. ಮದ್ದೂರಿನ ಒಂದು ಹೈಸ್ಕೂಲಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಮಕ್ಕಳ ಕೈಲಿ ಡ್ರಿಲ್ ಮಾಡಿಸಿ ನಿವೃತ್ತನಾದ, ಅರವತ್ತೆಂಟು ವರ್ಷ ವಯಸ್ಸಿನ, ಐವತ್ತಾರು ಕಿಲೋ ತೂಕದ ಮರೀಗೌಡ ಎಂಬ ಈ ಮನುಷ್ಯ, ಅಂದರೆ ನಾನೇ, ಕಳೆದ ಮಾರ್ಚಿನಲ್ಲಿ ಒಂದು ಬೋಳುಗುಡ್ಡದ ಮೇಲೆ ಹತ್ತು ಹೆಜ್ಜೆ ಓಡಿ, ಹನ್ನೊಂದನೆಯ ಹೆಜ್ಜೆಗೆ ನೆಲ ಸಿಗದೆ, ಕೊಕ್ಕರೆಗಳ ಜೊತೆ ಆಕಾಶದಲ್ಲಿ ಸುತ್ತು ಹಾಕಿ, ಕೊನೆಗೆ ಅತ್ತೆ ಮನೆಯ ಗದ್ದೆಗೇ ಇಳಿದ. ಬಸ್ಸಿಲ್ಲ, ಸ್ಕೂಟರಿಲ್ಲ, ಇಂಜಿನ್ನಿಲ್ಲ. ಮೂರೂವರೆ ಕಿಲೋ ತೂಕದ ಒಂದು ಗುಲಾಬಿ ಬಣ್ಣದ ಬಟ್ಟೆ, ಅಷ್ಟೆ. ಈ ಗುಡ್ಡ ಮಳವಳ್ಳಿ ರಸ್ತೆಯಿಂದ ಒಳಕ್ಕಿದೆ. ಹೆಸರು ಹೇಳುವುದಿಲ್ಲ, ಹೇಳಿದರೆ ನಾಳೆ ನೀವೂ ಬಂದು ಅಲ್ಲಿ ಕಡಲೆಕಾಯಿ ಸಿಪ್ಪೆ ಹಾಕುತ್ತೀರಿ. ನಾನು ಹೇಳಲಿರುವುದರಲ್ಲಿ ಒಂದೇ ಒಂದು ಸುಳ್ಳಿದೆ. ಅದು ಯಾವುದು ಎಂದು ಕೊನೆಯಲ್ಲಿ ನಾನೇ ಒಪ್ಪಿಕೊಳ್ಳುತ್ತೇನೆ. ಅಷ್ಟರೊಳಗೆ ನೀವೇ ಹಿಡಿದರೆ ಮದ್ದೂರು ಬಸ್ ಸ್ಟ್ಯಾಂಡಿಗೆ ಬನ್ನಿ, ಒಂದು ಟೀ ನನ್ನ ಕಡೆಯಿಂದ.

ಜನ ನನ್ನ ಮಾತನ್ನು ನಂಬದಿರುವುದಕ್ಕೆ ಒಂದು ಕಾರಣ ಇದೆ. ಆ ಕಾರಣ ನಾನೇ. ಒಮ್ಮೆ ಸ್ಟಾಫ್ ರೂಮಿನಲ್ಲಿ, ನಾಳೆ ಇನ್‌ಸ್ಪೆಕ್ಷನ್ ಇದೆ, ಎಲ್ಲರೂ ಬಿಳಿ ಅಂಗಿಯಲ್ಲೇ ಬರಬೇಕಂತೆ ಎಂದು ತಣ್ಣಗೆ ಹೇಳಿ ಮನೆಗೆ ಹೋಗಿಬಿಟ್ಟೆ. ಮಾರನೆಯ ದಿನ ಹೆಡ್ಮಾಸ್ತರರಿಂದ ಹಿಡಿದು ಗಂಟೆ ಹೊಡೆಯುವ ಪುಟ್ಟಸ್ವಾಮಿಯವರೆಗೆ ಎಲ್ಲರೂ ಮದುವೆ ದಿಬ್ಬಣದ ಬ್ಯಾಂಡಿನವರ ಹಾಗೆ ಬಿಳಿಬಿಳಿ. ನಾನೊಬ್ಬ ಚೌಕುಳಿ ಅಂಗಿ. ಇನ್ನೊಂದು ಸಲ ಪಕ್ಕದ ಮನೆಯ ಫೋನಿನಿಂದ ನನ್ನ ಹೆಂಡತಿಗೇ ಫೋನು ಮಾಡಿ, ಅಧಿಕಾರಿಯ ಗಂಟಲಿನಲ್ಲಿ, ನಿಮ್ಮ ಹೊಲಿಗೆ ಮಿಷನ್ ತಪಾಸಣೆಗೆ ಬರುತ್ತೇವೆ ಎಂದೆ. ಪಾಪ, ಅವಳು ಮಿಷನ್ನಿಗೆ ಎಣ್ಣೆ ಬಿಟ್ಟು, ಅರಿಶಿನ ಕುಂಕುಮ ಇಟ್ಟು ಮಧ್ಯಾಹ್ನದವರೆಗೆ ಬಾಗಿಲಲ್ಲಿ ಕಾದಳು. ಆವತ್ತಿನಿಂದ ನನ್ನ ಯಾವ ಮಾತನ್ನೂ ಅವಳು ಎರಡು ಸಲ ತಿರುಗಿಸಿ, ಹೊಲಿಗೆ ಬಿಟ್ಟಿದೆಯೇ ಎಂದು ನೋಡದೆ ಒಳಕ್ಕೆ ತೆಗೆದುಕೊಳ್ಳುವುದಿಲ್ಲ. ಅವಳ ಹೆಸರು ಕೆಂಪಮ್ಮ. ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ. ಮದ್ದೂರಿನ ಅರ್ಧ ಹೆಂಗಸರ ತೋಳಿನ ಅಳತೆ ಅವಳಿಗೆ ಬಾಯಿಪಾಠ, ಗಂಡನ ಅಳತೆ ಪೂರ್ತಿ ಬಾಯಿಪಾಠ.

ಹಾರುವ ಹುಚ್ಚು ಹತ್ತಿದ್ದು ನಿವೃತ್ತಿಯ ಮೇಲೆ. ಹಳೆಯ ಮೇಷ್ಟ್ರುಗಳೆಲ್ಲ ಸೇರಿ ಬೆಂಗಳೂರಿನ ಆಚೆಯ ಒಂದು ಬೆಟ್ಟಕ್ಕೆ ಪಿಕ್ನಿಕ್ ಹೋಗಿದ್ದೆವು. ಅಲ್ಲಿ ಒಬ್ಬ ಹೆಣ್ಣುಮಗಳು, ಮೂವತ್ತೈದು ವರ್ಷವಿರಬಹುದು, ಬೆನ್ನಿಗೆ ಒಂದು ಚೀಲ ಹಾಕಿಕೊಂಡು ಬಂದು, ಚೀಲದೊಳಗಿಂದ ಒಂದು ಬಟ್ಟೆ ತೆಗೆದು ಹರಡಿ, ನಾವು ಪುಳಿಯೋಗರೆ ಬಿಚ್ಚುವಷ್ಟರಲ್ಲಿ ಹಾರಿಯೇಹೋದಳು. ನಾನು ಪುಳಿಯೋಗರೆ ಬಿಟ್ಟು ಅವಳು ಇಳಿದ ಜಾಗಕ್ಕೆ ಓಡಿದೆ. ಆಕೆ ಪ್ಯಾರಾಗ್ಲೈಡಿಂಗ್ ಹೇಳಿಕೊಡುವ ಮೇಡಂ ಎಂದು ಗೊತ್ತಾಯಿತು. "ನಿಮಗೆ ಎಷ್ಟು ವಯಸ್ಸು ಸಾರ್?" ಎಂದರು. ಐವತ್ತೆರಡು ಎಂದೆ. ಅವರು ನಕ್ಕು, "ಡಾಕ್ಟರ ಸರ್ಟಿಫಿಕೇಟ್ ತನ್ನಿ, ಅದರಲ್ಲಿ ನಿಜವಾದ ವಯಸ್ಸು ಇರುತ್ತೆ" ಎಂದರು. ನಾನು ಸುಮ್ಮನಿರಲಿಲ್ಲ: ದಿನಕ್ಕೆ ನಾಲ್ಕು ಮೈಲಿ ನಡೆಯುತ್ತೇನೆ, ಹಲ್ಲೆಲ್ಲ ನನ್ನವೇ, ಹಗಲು ನಿದ್ದೆ ಎಂಬುದು ಹುಟ್ಟಿದ ಮೇಲೆ ಒಂದು ದಿನವೂ ನನ್ನ ಕಣ್ಣಿಗೆ ಬಂದಿಲ್ಲ, ಡ್ರಿಲ್ ಮೇಷ್ಟ್ರಿಗೆ ಮಧ್ಯಾಹ್ನದ ಪೀರಿಯಡ್ಡೆಲ್ಲ ಬಿಸಿಲಿನಲ್ಲೇ ಎಂದು ಬೇಕಾದಷ್ಟು ಕೊಚ್ಚಿಕೊಂಡೆ. ಡಾಕ್ಟರು ಎದೆ, ಬೆನ್ನು, ಮೊಣಕಾಲು ಎಲ್ಲ ನೋಡಿ ಸರ್ಟಿಫಿಕೇಟ್ ಕೊಟ್ಟರು. ಎರಡು ವರ್ಷ ಮೇಡಂ ಹಿಂದೆ ಓಡಿ ಓಡಿ ಕಲಿತೆ. ಮೊದಲ ಆರು ತಿಂಗಳು ಹಾರಿದ್ದಕ್ಕಿಂತ ಉರುಳಿದ್ದೇ ಹೆಚ್ಚು.

ಆಮೇಲೆ ಒಂದು ಹಳೆಯ ರೆಕ್ಕೆ ನನ್ನದಾಯಿತು. ಅದನ್ನು ಮೊದಲು ಹಾರಿಸುತ್ತಿದ್ದಾಕೆ ಇನ್ನೊಬ್ಬ ಹೆಣ್ಣುಮಗಳು, ಅದಕ್ಕೇ ಗುಲಾಬಿ ಬಣ್ಣ. ಹಗುರ ಜಾತಿಯದು, ಹರಡಿದರೆ ನಮ್ಮ ನಡುಮನೆಗಿಂತ ಅಗಲ, ಮಡಿಸಿದರೆ ಒಂದು ಬೂದುಗುಂಬಳದಷ್ಟು. ಬಟ್ಟೆ ಎಷ್ಟು ತೆಳು ಎಂದರೆ ಈರುಳ್ಳಿ ಸಿಪ್ಪೆಯಂತೆ. ಅದರಿಂದ ಇಳಿಬಿದ್ದಿರುವ ದಾರಗಳು ಅದಕ್ಕಿಂತ ನಾಜೂಕು. ಹಗುರವಾದದ್ದನ್ನು ಸಾಕುವುದು ಭಾರದ ಕೆಲಸ ಎಂದು ನನಗೆ ಗೊತ್ತಾದದ್ದು ಆಗ. ಮೇಡಂ ಕಟ್ಟಪ್ಪಣೆಗಳು ಒಂದೆರಡಲ್ಲ. ಬಿಸಿಲಿಗೆ ಹಾಕಬಾರದು, ಬಟ್ಟೆ ಜೀವ ಬಿಡುತ್ತದೆ. ಒದ್ದೆ ಇಡಬಾರದು, ಬೂಷ್ಟು ಹಿಡಿಯುತ್ತದೆ. ಸೋಪು ಸೋಕಿಸಬಾರದು, ಉಜ್ಜಬಾರದು, ಹಿಂಡಬಾರದು. ಕೆಸರಾದರೆ ತಣ್ಣೀರು ಬಿಟ್ಟು ನೆರಳಲ್ಲಿ ಆರಹಾಕಬೇಕು. ಮಡಿಸುವ ಮೊದಲು ಒಳಗೆ ಮಿಡತೆ ಕೂತಿದೆಯೇ ನೋಡಬೇಕು, ಯಾಕೆಂದರೆ ಮುಚ್ಚಿಹೋದ ಮಿಡತೆ ಬಟ್ಟೆಯನ್ನೇ ತಿಂದು ಹೊರಗೆ ಬರುತ್ತದಂತೆ. ನಾನು ಬಟ್ಟೆಯಲ್ಲಿ ಗಾಳಿ ತುಂಬುವ ಒಂದೊಂದು ಗೂಡಿನೊಳಗೂ ತಲೆ ಹಾಕಿ ಮಿಡತೆ ಹುಡುಕುವುದನ್ನು ನೋಡಿ ಕೆಂಪಮ್ಮ, "ಮಕ್ಳ್ ತಲೇಲಿ ಏನ್ ಹುಡುಕ್ದೋರಲ್ಲ, ಈಗ ಬಟ್ಟೆ ತಲೇಲಿ ಹುಡುಕ್ತಾ ಕುಂತವ್ರೆ" ಎಂದಳು.

ಇಷ್ಟಾದರೂ ತಂಪಾದ, ಕತ್ತಲಾದ, ಇಲಿ ಬಾರದ ಜಾಗ ನಮ್ಮ ಮನೆಯಲ್ಲಿ ಒಂದೇ: ಅವಳ ಬೀರು. ನಾನು ಕೇಳುವ ಧೈರ್ಯ ಮಾಡಿರಲಿಲ್ಲ. ಒಂದು ದಿನ ನೋಡುತ್ತೇನೆ, ಅವಳ ಧಾರೆ ಸೀರೆ ಮೇಲಿನ ಖಾನೆಯಿಂದ ಕೆಳಕ್ಕೆ ಇಳಿದಿದೆ, ಮೇಲಿನ ಖಾನೆ ಖಾಲಿ. ರೆಕ್ಕೆಯ ಹೊಲಿಗೆಯನ್ನು ಕನ್ನಡಕ ಹಾಕಿಕೊಂಡು ಇಂಚಿಂಚೂ ನೋಡಿ, "ಹೊಲ್ದಿರೋನು ಕೆಲಸ ಗೊತ್ತಿರೋನು, ಒಂದ್ ಕಡೇನೂ ಸುಕ್ಕಿಲ್ಲ. ಅವನ ಹೊಲಿಗೆಗೆ ಮರ್ಯಾದೆ ಕೊಟ್ಟು ಜಾಗ ಕೊಟ್ಟಿವ್ನಿ, ನಿಮ್ಗಲ್ಲ" ಎಂದಳು. ಜೊತೆಗೆ ಎರಡು ಷರತ್ತು. ಒಂದು: "ಕೆಸ್ರು ಮಾಡ್ಕೊಂಡ್ ಬಂದ್ರೆ ಅವತ್ತೇ ಕತ್ರಿ ಆಕ್ಬುಡ್ತೀನಿ. ಸಂತೆ ಬ್ಯಾಗ್ ಒಲುದು ಬೀದಿಗೆಲ್ಲ ಅಂಚ್ತೀನಿ." ಎರಡು: "ನಮ್ಮೂರ್ ಕಡೀಕೆ ಆರ್ಕೂಡದು."

ಈ ಎರಡನೆಯ ಷರತ್ತಿಗೆ ಅರ್ಥವಿದೆ. ಅವಳ ತವರು ಕೊಕ್ಕರೆ ಬೆಳ್ಳೂರು. ಅಲ್ಲಿ ಮನೆಯಂಗಳದ ಹುಣಸೆಮರಗಳಲ್ಲಿ ಕೊಕ್ಕರೆ, ಹೆಜ್ಜಾರ್ಲೆಗಳು ಬಂದು ಗೂಡು ಕಟ್ಟಿ ಮರಿ ಮಾಡುತ್ತವೆ. ಊರವರ ಲೆಕ್ಕದಲ್ಲಿ ಅವು ಹಕ್ಕಿಗಳಲ್ಲ, ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು. ಅಂಗಳವೆಲ್ಲ ಹಿಕ್ಕೆಯಾದರೂ, ಮೀನಿನ ನಾತ ಬಂದರೂ ಯಾರೂ ಕಲ್ಲೆತ್ತುವುದಿಲ್ಲ. "ಬಾಣಂತಿ ಮನೆ ಮ್ಯಾಲೆ ಗಂಡಸ್ರು ಆರಾಡ್ತಾರಾ?" ಎಂಬುದು ಕೆಂಪಮ್ಮನ ಪ್ರಶ್ನೆ.

ತವರಿನ ಮಾತು ಬಂದರೆ ಅವಳು ಈಚೆಗೆ ಬೇಗ ಮಾತು ತಿರುಗಿಸುತ್ತಾಳೆ. ಅವಳ ತಾಯಿ, ನನ್ನ ಅತ್ತೆ ದ್ಯಾವಮ್ಮನವರಿಗೆ ಎಂಬತ್ತು ದಾಟಿದೆ. ಮೈ ಗಟ್ಟಿ, ಕೈ ಗಟ್ಟಿ, ನೆನಪು ಮಾತ್ರ ಒಂದೊಂದಾಗಿ ಎದ್ದುಹೋಗುತ್ತಿದೆ. ಕೆಂಪಮ್ಮ ಹದಿನೈದು ದಿನಕ್ಕೊಮ್ಮೆ ಹೋಗಿ ಪಕ್ಕದಲ್ಲಿ ಕೂತು, ಎಲೆಯಡಿಕೆ ಕುಟ್ಟಿ ಕೊಡುತ್ತಾಳೆ. ಅತ್ತೆ ಅದನ್ನು ಬಾಯಿಗೆ ಹಾಕಿಕೊಂಡು, "ಒಳ್ಳೇ ಮಗ್ಳು ಕಣವ್ವ ನೀನು, ಯಾವೂರು ನಿಂದು?" ಎಂದು ಕೇಳುತ್ತಾರೆ. ಒಂದು ವರ್ಷದಿಂದ ಅವರ ಬಾಯಲ್ಲಿ ತನ್ನ ಹೆಸರನ್ನು ಕೆಂಪಮ್ಮ ಕೇಳಿಲ್ಲ. ಕೆಂಪಮ್ಮ ಮನೆಗೆ ಬಂದವಳೇ ಮಿಷನ್ ಮೇಲೆ ಕೂತು ಜೋರಾಗಿ ತುಳಿಯುತ್ತಾಳೆ. ಆವತ್ತು ಹೊಲಿದ ರವಿಕೆಗಳೆಲ್ಲ ಬಿಗಿ ಎಂದು ವಾಪಸು ಬರುತ್ತವೆ.

ಈಗ ಆ ಮಾರ್ಚಿನ ದಿನಕ್ಕೆ ಬರೋಣ. ಕೆಳಗಿನ ರಾಗಿ ಹೊಲಗಳು ಕೊಯ್ಲಾಗಿ ಬಯಲಾಗಿದ್ದವು, ಇಳಿಯಲು ಜಾಗಕ್ಕೆ ಬರವಿರಲಿಲ್ಲ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಗುಡ್ಡದ ಮೇಲೆ ರೆಕ್ಕೆಯನ್ನು ಹರಡಿ, ದಾರಗಳನ್ನು ಒಂದೊಂದಾಗಿ ಬಿಡಿಸಿ, ತೊಡೆಯ ಪಟ್ಟಿ ಹಾಕಿದ್ದೇನೆಯೇ ಎಂದು ಮೂರು ಸಲ ಮುಟ್ಟಿ ನೋಡಿಕೊಂಡೆ. ಹೆಲ್ಮೆಟ್ಟಿನೊಳಗೆ ಬೆವರು. ಎದುರಿನಿಂದ ಗಾಳಿ ಒಂದು ಸಲ ಕೆನ್ನೆ ಸವರಿತು. ಓಡಿದೆ. ರೆಕ್ಕೆ ಬೆನ್ನ ಹಿಂದೆ ಉಸಿರೆಳೆದುಕೊಂಡು ಎದ್ದು, ತಲೆಯ ಮೇಲೆ ಬಂದು ನಿಂತಿತು. ಒಮ್ಮೆ ಮೇಲೆ ನೋಡಿದೆ, ಗುಲಾಬಿ ಬಣ್ಣದ ಆ ಕಮಾನಿನಲ್ಲಿ ಬೆಳಕು ಸೋಸಿ ಬರುತ್ತಿತ್ತು. ಆಮೇಲೆ ಕಾಲ ಕೆಳಗೆ ನೆಲ ಇರಲಿಲ್ಲ. ಇದನ್ನು ಕೊಚ್ಚಿಕೊಳ್ಳದೆ ಹೇಳಬೇಕೆಂದರೆ ನನಗೆ ಬರುವುದಿಲ್ಲ. ಆದರೂ ಹೇಳುತ್ತೇನೆ, ಆ ಹೊತ್ತಿನಲ್ಲಿ ನಾನು ಯಾರಿಗೂ ಏನೂ ಮಾಡಿ ತೋರಿಸಬೇಕಾಗಿರುವುದಿಲ್ಲ. ತಮಾಷೆ ಮಾಡಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಬಾಯಿ ಮುಚ್ಚಿಕೊಂಡಿರುತ್ತೇನೆ. ಇಡೀ ಮದ್ದೂರು ತಾಲ್ಲೂಕಿನಲ್ಲಿ ಯಾರೂ ಕಾಣದ ದೃಶ್ಯ ಅದು.

ಸ್ವಲ್ಪ ಹೊತ್ತಿಗೆ ಎಡಗಡೆ ಐದಾರು ಕೊಕ್ಕರೆಗಳು ರೆಕ್ಕೆ ಆಡಿಸದೆ ಸುತ್ತು ಹಾಕುತ್ತ ಮೇಲೇರುತ್ತಿರುವುದು ಕಂಡಿತು. ಅಂದರೆ ಅಲ್ಲಿ ಬಿಸಿಗಾಳಿಯ ಕಂಬ ಎದ್ದಿದೆ. ನಾನೂ ಆ ಕಂಬದೊಳಕ್ಕೆ ನುಗ್ಗಿದೆ. ಸೊಂಟಕ್ಕೆ ಕಟ್ಟಿದ, ಮೇಲೇರಿದರೆ ಕೂಗಿ ಹೇಳುವ ಯಂತ್ರ ಕೀಚ್ ಕೀಚ್ ಎಂದು ಕುಣಿಯಿತು. ಒಂದು ಕೊಕ್ಕರೆ, ಹಿಂದುಗಡೆ ನನ್ನ ಬಟ್ಟೆಯದೇ ಗುಲಾಬಿ ಬಣ್ಣ, ಹತ್ತಿರಕ್ಕೆ ಬಂದು ಕುತ್ತಿಗೆ ಓರೆ ಮಾಡಿ, ಹೊಸದಾಗಿ ಬಂದ ಮೇಷ್ಟ್ರನ್ನು ಹೆಡ್ಮಾಸ್ತರು ನೋಡುವ ಹಾಗೆ ನನ್ನನ್ನು ನೋಡಿತು. ಇಬ್ಬರೂ ಸುತ್ತಿದೆವು. ಸುತ್ತುವುದರಲ್ಲಿ ನಾನು ಒಂದು ವಿಷಯ ಮರೆತೆ: ಅವು ಸುಮ್ಮನೆ ಸುತ್ತುತ್ತಿರಲಿಲ್ಲ, ಮರಿಗಳಿಗೆ ಮೀನು ತೆಗೆದುಕೊಂಡು ಮನೆಗೆ ಹೊರಟಿದ್ದವು. ಗಾಳಿ ತಿರುಗಿತು, ಹಿಂದಕ್ಕೆ ಬರಲಾಗಲಿಲ್ಲ. ಕೆಳಗೆ ಹೆಂಚಿನ ಮನೆಗಳು, ನಡುವೆ ಹುಣಸೆಮರಗಳ ದುಂಡು ತಲೆಗಳು, ತಲೆಗಳ ಮೇಲೆ ಬಿಳಿ ಚುಕ್ಕೆಗಳು. ಹೆಂಡತಿಯ ಎರಡನೆಯ ಷರತ್ತು ಕಣ್ಣೆದುರಿಗೇ ಇತ್ತು. ಮರಗಳಿಂದ ದೂರಕ್ಕೆ, ಊರಾಚೆಗೆ ಎಳೆದುಕೊಂಡು ಹೋದೆ. ಬಲಕ್ಕೆ ಕರೆಂಟು ತಂತಿ, ಎಡಕ್ಕೆ ಆಳೆತ್ತರದ ಕಬ್ಬು. ಕಬ್ಬಿನಲ್ಲಿ ಇಳಿದರೆ ದಾರ ಬಿಡಿಸಲು ಒಂದು ಆಯುಷ್ಯ ಬೇಕು. ನಡುವೆ ಒಂದೇ ಒಂದು ಬಯಲು, ಆಗತಾನೆ ನೀರು ಕಟ್ಟಿದ ಗದ್ದೆ. ಮೊಣಕಾಲುದ್ದ ಕೆಸರಿನಲ್ಲಿ ಇಳಿದೆ. ಹಿಂದೆಯೇ ರೆಕ್ಕೆ ಮೆತ್ತಗೆ ಬಂದು ಕೆಸರಿನ ಮೇಲೆ ಮಲಗಿತು. ಮೊದಲನೆಯ ಷರತ್ತೂ ಹೋಯಿತು.

ಬದುವಿನ ಆಚೆಯಿಂದ ಒಬ್ಬ ಕುಡುಗೋಲು ಹಿಡಿದು ಓಡಿ ಬಂದ. "ಯಾವನ್ಲಾ ಅದು, ನನ್ ಗದ್ದೆಗ್ ಬಿದ್ದೋನು?"

ದನಿ ಕೇಳಿಯೇ ಗೊತ್ತಾಯಿತು, ಕೆಂಪಮ್ಮನ ತಮ್ಮ ಸಿದ್ದೇಗೌಡ. ನಾನು ಹೆಲ್ಮೆಟ್ ತೆಗೆದೆ. "ನಾನ್ ಕಣಯ್ಯ ಸಿದ್ದ, ನಿಮ್ ಬಾವ."

ಅವನು ನನ್ನನ್ನು ನೋಡಿದ, ಆಕಾಶ ನೋಡಿದ, ಮತ್ತೆ ನನ್ನನ್ನು ನೋಡಿದ. "ಬಾವ! ಯಾಕ್ ಬಾವ, ಬಸ್ ಸಿಗ್ನಿಲ್ವಾ?"

ಇಬ್ಬರೂ ಸೇರಿ ಬಟ್ಟೆಯನ್ನು ಮಗು ಎತ್ತುವ ಹಾಗೆ ಎತ್ತಿ ಮನೆಗೆ ತಂದೆವು. ಹಗ್ಗದ ಮೇಲೆ ನೆರಳಿನಲ್ಲಿ ಇಳಿಬಿಟ್ಟೆ. ಊಟ ಮುಗಿಸಿ ತಣ್ಣೀರಿನಲ್ಲಿ ತೊಳೆದು ಒಣಗಿಸಿಬಿಟ್ಟರೆ ಕೆಂಪಮ್ಮನಿಗೆ ಕೆಸರು ಕಾಣುವುದಿಲ್ಲ ಎಂಬುದು ನನ್ನ ಲೆಕ್ಕ. ಮೊದಲು ಅವಳಿಗೆ ಫೋನು ಮಾಡಿ, "ನಿಮ್ಮೂರಲ್ಲಿವ್ನಿ ಕಣೆ, ಆರ್ಕೊಂಡ್ ಬಂದೆ" ಎಂದೆ.

"ಹೂಂ. ನಾನೂ ಈಗ ಡೆಲ್ಲೀಲಿವ್ನಿ, ಮಿಷನ್ ಸಮೇತ" ಎಂದಳು.

ಸಿದ್ದ ಫೋನು ಕಿತ್ತುಕೊಂಡ. "ಅಕ್ಕಾ, ದಿಟ ಕಣಕ್ಕ. ಬಾವ ಮ್ಯಾಲಿಂದ ಬಂದವ್ರೆ. ಗದ್ದೆಗೇ ಇಳ್ದವ್ರೆ. ಮೈಯೆಲ್ಲ ಕೆಸ್ರು." ಆ ಕೊನೆಯ ಮಾತು ಹೇಳಬೇಡವೋ ಎಂದು ನಾನು ಸನ್ನೆ ಮಾಡುತ್ತಿದ್ದದ್ದು ಅವನಿಗೆ ಕಾಣಲಿಲ್ಲ.  ಆ ಕಡೆಯಿಂದ "ಬರ್ಲಿ" ಎಂಬ ಒಂದೇ ಮಾತು. ಕತ್ತರಿ ತೆಗೆದ ಸದ್ದು ನನಗೆ ಇಲ್ಲಿಗೇ ಕೇಳಿಸಿದಂತಾಯಿತು.

ಹೇಗೆ ಬಂದರೂ ಅಳಿಯ ಅಳಿಯನೇ. ಸಿದ್ದನ ಹೆಂಡತಿ ಅನ್ನಕ್ಕಿಟ್ಟಳು, ನಾಟಿ ಕೋಳಿ ಸಾರು ಮಾಡಿದಳು. ಅತ್ತೆ ಕಂಬದ ಮರೆಯಲ್ಲಿ ಸೆರಗು ಹೊದ್ದು ಕೂತಿದ್ದರು. ನಮ್ಮ ಕಡೆ ಹಳೆಯ ಕಾಲದ ಅತ್ತೆಯರು ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ಮದುವೆಯಾದ ನಲವತ್ತು ವರ್ಷಗಳಿಂದ ನನ್ನ ಅತ್ತೆ ನನಗೆ ಹೇಳಬೇಕಾದ್ದನ್ನೆಲ್ಲ ಆ ಕಂಬಕ್ಕೇ ಹೇಳಿದ್ದಾರೆ. "ಅಳೀಂದ್ರಿಗೆ ಇನ್ನೊಸಿ ಸಾರು ಬುಡ್ಬೇಕಂತಾ?" ಎಂದು ಕಂಬವನ್ನು ಕೇಳುತ್ತಾರೆ, ನಾನು ಸಾಕು ಎಂದು ಕಂಬಕ್ಕೆ ಹೇಳುತ್ತೇನೆ, ಕಂಬ ಇಬ್ಬರ ಮಾತನ್ನೂ ಲಕ್ಷಿಸುವುದಿಲ್ಲ, ಸಾರು ಬಂದೇ ಬರುತ್ತದೆ. ಎಷ್ಟು ಮರೆತರೂ ಈ ಮರ್ಯಾದೆಯನ್ನು ಅವರು ಮರೆತಿಲ್ಲ. ಇನ್ನೊಂದನ್ನೂ ಮರೆತಿಲ್ಲ. ಅಳಿಯ ಬಂದ ದಿನ ಅನ್ನ ಬಸಿದ ಗಂಜಿಯನ್ನು ಅವರು ಬೇರೆ ಎತ್ತಿಡುತ್ತಾರೆ. ಅಳಿಯನ ಪಂಚೆ ಒಗೆದು, ಗಂಜಿ ಹಾಕಿ, ಗರಿಗರಿ ಮಾಡಿ ಕಳಿಸದಿದ್ದರೆ ಮಗಳ ಮನೆಯಲ್ಲಿ ತಲೆ ಎತ್ತಲಾದೀತೇ? ಮದುವೆಯ ಮೊದಲ ವರ್ಷದಿಂದ ನಾನು ಆ ಮನೆಯಿಂದ ಹಪ್ಪಳದಂಥ ಪಂಚೆ ಉಟ್ಟೇ ವಾಪಸು ಬಂದವನು.

ಊಟವಾಯಿತು. ಸಿದ್ದ ಗದ್ದೆಗೆ ಹೋದ, ಅವನ ಹೆಂಡತಿ ಹಾಲು ಹಾಕಲು ಡೇರಿಗೆ ಹೋದಳು. ನಾನು ಜಗುಲಿಯ ಮೇಲೆ ಚಾಪೆ ಹಾಸಿ ಹಾಗೇ ಒರಗಿದೆ. ಕೋಳಿ ಸಾರು, ಗಾಳಿಯ ಆಯಾಸ, ಕಣ್ಣು ಹತ್ತಿತು. ಎದ್ದಾಗ ಎರಡು ತಾಸು ಕಳೆದಿತ್ತು. ಕಣ್ಣುಜ್ಜಿಕೊಂಡು ನೋಡುತ್ತೇನೆ, ನನ್ನ ರೆಕ್ಕೆ ಅಂಗಳದ ಹಗ್ಗದಲ್ಲಿ ಈ ಮೂಲೆಯಿಂದ ಆ ಮೂಲೆಗೆ, ಸುಡು ಬಿಸಿಲಿನಲ್ಲಿ ನಿಂತಿದೆ. ತೂಗುತ್ತಿಲ್ಲ, ನಿಂತಿದೆ, ಗೋಡೆಯ ಹಾಗೆ. ಬೆರಳಿನಿಂದ ತಟ್ಟಿದೆ. ಟಣ್ ಎಂದಿತು. ಎಲ್ಲ ಗೂಡುಗಳಿಗೂ ಗಂಜಿ ಕುಡಿಸಲಾಗಿತ್ತು. ಒಂದೆರಡು ಅನ್ನದ ಅಗುಳೂ ಅಂಟಿದ್ದವು. ಇರುವೆಗಳು ಆಗಲೇ ಸಾಲುಗಟ್ಟಿದ್ದವು. ದಾರಗಳ ಕಡೆ ನೋಡಿದೆ. ಎಡಗಡೆಯ ದಾರಗಳೆಲ್ಲ ಸೇರಿ ಒಂದು ಜಡೆ, ಬಲಗಡೆಯವೆಲ್ಲ ಸೇರಿ ಇನ್ನೊಂದು ಜಡೆ. ಒಂದೊಂದೂ ಮೂರು ಆಳುದ್ದ. ಇಸ್ಕೂಲಿಗೆ ಹೊರಟ ಹುಡುಗಿಯ ತಲೆಯಂತೆ, ತುದಿಗೆ ಬಾಳೆನಾರಿನಲ್ಲಿ ಚೆಂದದ ಗಂಟು. ಅತ್ತೆ ಕಂಬಕ್ಕೆ ಒರಗಿ ತೃಪ್ತಿಯಿಂದ ಎಲೆಯಡಿಕೆ ಜಗಿಯುತ್ತಿದ್ದರು.

ಸಂಜೆ ಸಿದ್ದ ನಕ್ಕು ನಕ್ಕು ಜಗುಲಿಯ ಮೇಲೆ ಹೊರಳಾಡಿದ. ಮೇಡಂಗೆ ಫೋನು ಮಾಡಿದೆ. "ಸಾರ್, ಏನು ಹಾಕಿದ್ದಾರೆ ಅಂದ್ರಿ? ಸ್ಟಾರ್ಚಾ? ಬಿಸಿಲಲ್ಲಾ? ಜಡೆನಾ?" ಎಂದು ಮೂರು ಪ್ರಶ್ನೆ ಕೇಳಿದರು. ಮೂರಕ್ಕೂ ಹೌದು ಎಂದೆ. "ನಿಮ್ಮ ತಮಾಷೆಗಳಲ್ಲಿ ಇದು ಚೆನ್ನಾಗಿದೆ ಸಾರ್" ಎಂದು ಫೋನಿಟ್ಟರು. ಗಂಜಿಯಾದ ರೆಕ್ಕೆ ಮಡಿಸಿದರೆ ಮಡಿಯದು, ಮುರಿಯುವ ಸದ್ದು. ಬೂದುಗುಂಬಳದಷ್ಟಿದ್ದದ್ದು ಹುಲ್ಲಿನ ಹೊರೆಯಷ್ಟಾಯಿತು. ಬಸ್ಸಿನ ಕಂಡಕ್ಟರು ಅದನ್ನೂ ನನ್ನನ್ನೂ ನೋಡಿ, "ಏನ್ ಯಜಮಾನ್ರೇ, ಶಾಮಿಯಾನ ಬಿಸ್ನೆಸ್ಸಾ?" ಎಂದ.

ಕೆಂಪಮ್ಮ ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ದೊಡ್ಡ ಕತ್ತರಿ. "ಇತ್ತಗ್ ಕೊಡಿ ಮೇಷ್ಟ್ರೇ. ಏಟ್ ಬ್ಯಾಗಾಯ್ತವೆ ಅಂತ ಆಗ್ಲೇ ಲೆಕ್ಕ ಆಕಿವ್ನಿ" ಎಂದಳು. ನಾನು ಕತೆಯನ್ನು ಕೋಳಿ ಸಾರಿನಿಂದ ಶುರು ಮಾಡಿ, ನಿದ್ದೆ ಬಂದದ್ದು, ಎದ್ದಾಗ ಗೋಡೆ ನಿಂತಿದ್ದದ್ದು, ಇರುವೆ, ಕಂಡಕ್ಟರು, ಎಲ್ಲವನ್ನೂ ಅಭಿನಯಿಸಿ ಹೇಳಿದೆ. ಅವಳ ತುಟಿ ಎರಡು ಸಲ ಅದುರಿತು, ನಗುವನ್ನು ಹಿಡಿದುಕೊಂಡಳು. ಕತ್ತರಿ ಬಾಯಿ ತೆರೆದು, ಬಟ್ಟೆಯ ಅಂಚು ಎಳೆದಳು. ಬಟ್ಟೆಯ ಜೊತೆ ಜಡೆಗಳು ಹೊರಬಂದು ಅವಳ ಮಡಿಲಿಗೆ ಬಿದ್ದವು.

ಅವಳು ಕತ್ತರಿಯನ್ನು ಮಿಷನ್ನಿನ ಮೇಲಿಟ್ಟಳು. ಒಂದು ಜಡೆಯನ್ನು ಹಿಡಿದು ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿದಳು. "ಇದು ನಾಕೆಳೆ" ಎಂದಳು. "ಮೂರೆಳೆ ಎಲ್ಲಾರ್ಗೂ ಬತ್ತದೆ. ನಾಕೆಳೆ ಆಕೋದು ನಮ್ಮೂರಲ್ಲಿ ನಮ್ಮವ್ವ ಒಬ್ಳೇಯ. ಇಸ್ಕೂಲ್ಗೆ ಓಗ್ವಾಗ ನಂಗೆ ದಿನಾ ಇಂಗೇ ಎರಡ್ ಜಡೆ. ಟೇಪ್ ಇಲ್ದಿದ್ರೆ ಬಾಳೆನಾರಲ್ಲಿ ಇದೇ ಗಂಟು."  ಆಮೇಲೆ, ನನ್ನ ಮುಖ ನೋಡದೆ ಕೇಳಿದಳು: "ಜಡೆ ಆಕ್ವಾಗ ಅವ್ವ ಏನಾರ ಅಂದ್ಲಾ?"

"ನಂಗೆಂಗ್ ಗೊತ್ತಾಯ್ತದೆ ಕಣೆ, ನಾನ್ ಗೊರ್ಕೆ ಒಡೀತಿದ್ದೆ" ಎಂದೆ.

"ಸರಿ ಬುಡಿ" ಎಂದಳು. ಮತ್ತೆ ಕೇಳಲಿಲ್ಲ. ಕತ್ತರಿಯನ್ನೂ ಮತ್ತೆ ಮುಟ್ಟಲಿಲ್ಲ. ಮಾರನೆಯ ದಿನ ಅವಳೇ ದೊಡ್ಡ ತೊಟ್ಟಿಯಲ್ಲಿ ತಣ್ಣೀರು ತುಂಬಿ, ಆಗತಾನೆ ಹುಟ್ಟಿದ ಮಗುವಿಗೆ ನೀರು ಹಾಕುವಂತೆ ಅಂಗೈಯಲ್ಲಿ ನೀರೆರೆದು ಗಂಜಿ ಬಿಡಿಸಿದಳು. ಏಳು ಸಲ ನೀರು ಬದಲಾಯಿಸಿದಳು. ನಡುಮನೆಯಲ್ಲಿ ನೆರಳಿಗೆ ಹರಡಿ, ರಾತ್ರಿಯೆಲ್ಲ ನಾವಿಬ್ಬರೂ ಅಡುಗೆಮನೆಯಲ್ಲಿ ಮಲಗಿದೆವು.

ಮುಂದಿನ ವಾರ ಮೇಡಂ ತಾವೇ ಬಂದರು. ಬಟ್ಟೆಗೆ ಯಂತ್ರ ಹಚ್ಚಿ ಗಾಳಿ ಸೋರುತ್ತದೆಯೇ ನೋಡಿದರು. ಮುಂದಿನ ಅಂಚಿನಲ್ಲಿ ಬಹಳ ಸೋರುತ್ತಿತ್ತು. ದಾರಗಳ ಅಳತೆಯೂ ತಪ್ಪಿತ್ತು. "ಇದನ್ನು ಎತ್ತರಕ್ಕೆ ಕೊಂಡೊಯ್ಯಬೇಡಿ ಸಾರ್. ಹಳೆಯ ದಾರ ತೆಗೆದು ನನ್ನ ಹತ್ತಿರ ಇರುವುದನ್ನು ಹಾಕಿಕೊಡುತ್ತೇನೆ. ಬಯಲಿನಲ್ಲಿ ನೆಲದ ಮೇಲೇ ನಿಂತು ಆಡಿಸಿ" ಎಂದರು. ದಾರ ಬಿಚ್ಚುವ ಮೊದಲು ಜಡೆ ಬಿಚ್ಚಲು ಕೈ ಹಾಕಿದರು. "ಅದ್ನ ಬಿಚ್ಬ್ಯಾಡಿ ಕಣವ್ವ, ಅಂಗೇ ಕೊಡಿ" ಎಂದಳು ಕೆಂಪಮ್ಮ. ಈಗ ಬೀರುವಿನ ಮೇಲಿನ ಖಾನೆಯಲ್ಲಿ ರೆಕ್ಕೆ ಇದೆ, ಕೆಳಗಿನ ಖಾನೆಯಲ್ಲಿ ಧಾರೆ ಸೀರೆ ಇದೆ, ಸೀರೆಯ ಮಡಿಕೆಯಲ್ಲಿ ಆ ಎರಡು ಜಡೆ ಇವೆ. ಸಂಜೆ ಗಾಳಿ ಹದವಾಗಿದ್ದರೆ ಕೊಯ್ಲಾದ ಹೊಲಕ್ಕೆ ಹೋಗುತ್ತೇವೆ. ನಾನು ನೆಲದ ಮೇಲೆ ನಿಂತು ರೆಕ್ಕೆಯನ್ನು ತಲೆಯ ಮೇಲೆ ಎತ್ತಿ ಕುಣಿಸುತ್ತೇನೆ. ಅವಳು ಬದುವಿನ ಮೇಲೆ ಕೂತು ರವಿಕೆಗೆ ಹುಕ್ಕು ಹಾಕುತ್ತ, "ಎಡಕ್ಕೆ ಎಳೀರಿ, ಎಡಕ್ಕೆ!" ಎಂದು ಹೇಳಿಕೊಡುತ್ತಾಳೆ. ಎಡಕ್ಕೆ ಎಳೆದರೆ ಬೀಳುತ್ತದೆ. ಎಳೆಯುತ್ತೇನೆ.

ಗಂಜಿಯ ಕತೆಯನ್ನು ಮಾತ್ರ ನಾನು ಸುಮ್ಮನೆ ಬಿಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಗಳಲ್ಲಿ, ಕಟಿಂಗ್ ಶಾಪಿನಲ್ಲಿ ಹೇಳಿದೆ. ಹೇಳಿದಷ್ಟೂ ಗೊರಕೆ ಜೋರಾಯಿತು, ನಗು ಜೋರಾಯಿತು. ಕೆಂಪಮ್ಮ ಪಕ್ಕದಲ್ಲಿದ್ದಾಗ ಎಲ್ಲರ ಜೊತೆ ನಗುತ್ತಾಳೆ. ಗೊರಕೆಯ ಜಾಗ ಬಂದಾಗ ಮಾತ್ರ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾಳೆ. ಹದಿನೈದು ದಿನಕ್ಕೊಮ್ಮೆ ತವರಿಗೆ ಹೋಗುವುದು ನಿಂತಿಲ್ಲ. ಯಾವೂರವ್ವ ನಿಂದು ಎಂಬ ಪ್ರಶ್ನೆಯೂ ನಿಂತಿಲ್ಲ.

ಈಗ ಆ ಒಂದು ಸುಳ್ಳು. ಕೊಕ್ಕರೆ ನಿಜ, ಕೆಸರು ನಿಜ, ಗಂಜಿ ನಿಜ, ಗುಲಾಬಿ ಬಣ್ಣವೂ ನಿಜ. ನಾನು ನಿದ್ದೆ ಮಾಡಲಿಲ್ಲ.

ಇನ್ನೊಂದು ಸುತ್ತು ಅನ್ನ ಬಡಿಸಿಬಿಟ್ಟಾರು ಎಂದು ಕಣ್ಣು ಮುಚ್ಚಿ ಮಲಗಿದ್ದೆ, ಅಷ್ಟೆ. ಏನೋ ಎಳೆದ ಸದ್ದಾಯಿತು. ಅರೆಗಣ್ಣು ತೆರೆದು ನೋಡಿದೆ, ಅತ್ತೆ ಗಂಜಿಯ ಪಾತ್ರೆಯನ್ನು ಹಗ್ಗದ ಕೆಳಕ್ಕೆ ಎಳೆದು ತರುತ್ತಿದ್ದರು. ಬೆರಳದ್ದಿ ಬಿಸಿ ನೋಡಿದರು. ಬಟ್ಟೆಯನ್ನು ಹಿಡಿಹಿಡಿಯಾಗಿ ಅದ್ದತೊಡಗಿದರು. ನಾನು ಮೊಣಕೈ ಊರಿ ಎದ್ದೆ, ಕೂಗಲು ಬಾಯಿ ತೆರೆದೆ, ಮೇಡಂ ಹೇಳಿದ ಅಪ್ಪಣೆಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಅಷ್ಟರಲ್ಲಿ ಅವರ ಕೈಗೆ ದಾರಗಳು ಸಿಕ್ಕವು. ಗಂಜಿಯನ್ನು ಅಲ್ಲೇ ಬಿಟ್ಟು, ಹಲಗೆಯ ಮೇಲೆ ಕೂತು, ದಾರಗಳನ್ನು ತೊಡೆಯ ಮೇಲೆ ಹಾಕಿಕೊಂಡು ಬೆರಳಿನಿಂದ ಬಾಚಿದರು. ನಾಲ್ಕು ಪಾಲು ಮಾಡಿದರು. ಗಾಳಿಗೆ ಬಟ್ಟೆ ಅಲುಗಿ ದಾರ ಜಗ್ಗಿತು.

"ಅಲ್ಲಾಡ್ಬ್ಯಾಡ ಕಣೇ ಕೆಂಪಿ" ಎಂದರು ಅತ್ತೆ. "ಬೆಲ್ ಒಡುದ್ಬುಡ್ತದೆ. ಎರಡ್ ಗಳ್ಗೆ ಸುಮ್ಕೆ ಕುಂತ್ಕೊ ನನ್ ತಾಯಿ."

ನನ್ನ ತೆರೆದ ಬಾಯಿ ತೆರೆದೇ ಇತ್ತು. ಆಮೇಲೆ ಅವರು ತಲೆಯೆತ್ತಿ ನೋಡಿದರು. ಕಂಬವನ್ನಲ್ಲ, ನನ್ನನ್ನು. "ನೋಡ್ತಾ ಕುಂತಿದ್ದೀಯಲ್ಲ ಮಗ, ಬಾ, ಈ ತುದಿ ವಸಿ ಇಡ್ಕೊ."

ನಲವತ್ತು ವರ್ಷಗಳಲ್ಲಿ ಅತ್ತೆ ನನಗೆ ಹೇಳಿದ ಮೊದಲ ಮಾತು. ಹೋಗಿ ಎದುರಿಗೆ ಕೂತು ಹಿಡಿದುಕೊಂಡೆ. ಎಡಗಡೆಯದೂ ಹಿಡಿದೆ, ಬಲಗಡೆಯದೂ ಹಿಡಿದೆ. ಜಡೆ ಮುಗಿಯುವವರೆಗೆ ಕೆಂಪಿ, ಕೆಂಪಿ ಎಂದು ಬೈಯುತ್ತಲೇ ಇದ್ದರು. ಎರಡು ಗಂಟೂ ಬಿಗಿದ ಮೇಲೆ ಎದ್ದು, ಉಳಿದ ಬಟ್ಟೆಗೆ ಗಂಜಿ ಹಾಕಿ ಬಿಸಿಲಿಗೆ ಹರಡುವುದಕ್ಕೆ ಹೊರಟರು. ಪಾತ್ರೆಯನ್ನು ನಾನೇ ಎತ್ತಿ ಕೊಟ್ಟೆ.

ಸಂಜೆ ಸಿದ್ದ ಬಂದು, ಇದೇನ್ ಬಾವ ಎಂದಾಗ, ನನ್ನ ಕಣ್ಣು ಕೆಂಪಾಗಿತ್ತು. ನಿದ್ದೆ ಕಣಯ್ಯ ಎಂದೆ. ಆಕಾಶದಿಂದ ಇಳಿದ ಗಂಡಸು ಅತ್ತೆಯ ಮುಂದೆ ದಾರ ಹಿಡಿದು ಅತ್ತ ಎಂದು ಊರಿಗೆ ಹೇಳಲಾದೀತೇ? ಅವನು ನಕ್ಕ. ನಗು ಬಂದ ಮೇಲೆ ಆ ಸುಳ್ಳನ್ನು ಬಿಡಲು ನನಗೆ ಯಾವತ್ತೂ ಬಂದಿಲ್ಲ. ಆಮೇಲೆ ಅವಳು ಕೇಳಿದಾಗ ತಡವಾಗಿತ್ತು. ಆ ಹೊತ್ತಿಗೆ ಹೇಳಿದ್ದರೆ, ಮೇಷ್ಟ್ರು ಈಗ ಇದನ್ನೂ ಕಟ್ಟಿ ಹೇಳಿದರು, ನನ್ನ ಸಮಾಧಾನಕ್ಕೆ ಎಂದುಕೊಳ್ಳುತ್ತಿದ್ದಳು. ಹೊಲಿಗೆ ಮಿಷನ್ ತಪಾಸಣೆಗೆ ಬಂದ ಅಧಿಕಾರಿಯ ಮಾತನ್ನು ಯಾರು ನಂಬುತ್ತಾರೆ?

ಅದಕ್ಕೇ ಇದನ್ನೆಲ್ಲ ಬರೆದೆ, ಹಾರಿದ್ದರಿಂದ ಹಿಡಿದು. ಅಚ್ಚಾದದ್ದನ್ನಾದರೂ ಅವಳು ಎರಡು ಸಲ ತಿರುಗಿಸಿ ನೋಡಿ ಒಳಕ್ಕೆ ತೆಗೆದುಕೊಂಡಾಳು. ಕೆಂಪಮ್ಮ, ಈ ಸಲ ಅವ್ವನ ಹತ್ತಿರ ಹೋಗುವಾಗ ಎಲೆಯಡಿಕೆ ಆಮೇಲೆ ಕುಟ್ಟು. ತಲೆ ಬಾಚಿಕೊಳ್ಳದೆ ಹೋಗಿ ಅವರ ಮುಂದೆ ಬೆನ್ನು ಮಾಡಿ ಕೂತುಕೋ. ತುದಿ ಹಿಡಿಯಲು ನಾನೂ ಬರುತ್ತೇನೆ. ಬಸ್ಸಿನಲ್ಲೇ.